ಹಳೆಯದರಲ್ಲೊಂದು, ಹೊಸದರಲ್ಲೊಂದು

ಅವನು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅರಸೀಕೆರೆಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಇಬ್ಬರೂ ಕಂಪ್ಯೂಟರ್ ವಿಭಾಗದ ಉಪನ್ಯಾಸಕರಾಗಿದ್ದೆವು. ನನಗಿಂತ ಎರಡು ಮೂರು ವರ್ಷ ಚಿಕ್ಕವನು. ಊರಿನಲ್ಲಿ ಅವನಿಗೆ ತನ್ನವರು ಅನ್ನುವವರು ಯಾರೂ ಇರಲಿಲ್ಲ. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು, ವಾರವೆಲ್ಲ ಹೋಟೆಲಿನಲ್ಲಿ ಉಂಡು, ಭಾನುವಾರ ಮಾತ್ರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನನ್ನ ಗಂಡ ಜಂಕ್ಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು. ಪಾಳಿ ಮುಗಿಸಿ ಎಷ್ಟು ಹಸಿದು ಬಂದಿದ್ದರೂ ಅವನು ಬರುವ ತನಕ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಮುದ್ದೆ ಮುರಿಯುತ್ತ ಅವನು ಹೇಳುತ್ತಿದ್ದ ಕಾಲೇಜಿನ ಸುದ್ದಿಗೆ ಅವರು ನಕ್ಕಷ್ಟು ನನ್ನ ಮಾತಿಗೆ ನಕ್ಕಿದ್ದು ನನಗೆ ನೆನಪಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನು ಹೊರಗಿನವನು ಯಾರಾದರೂ ಮಾಡಿದ್ದರೆ ಅದನ್ನು ನಷ್ಟ ಅಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ.

ಬೇಲೂರಿನ ಟೀಚರ್ ನಮ್ಮಲ್ಲಿಗೆ ಬಂದದ್ದು ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಂಟಿ ಹೆಂಗಸು. ತೊಂಬತ್ತರ ದಶಕದಲ್ಲಿ ಮೊದಲು ಗೆಂಡೆಹಳ್ಳಿ ಕಡೆ, ಆಮೇಲೆ ಹಳೇಬೀಡಿನ ಸುತ್ತ, ಕೊನೆಗೆ ಕಣಕಟ್ಟೆಯ ಕಡೆ ಅವರಿಗೆ ವರ್ಗವಾಗಿತ್ತು. ಹೋದ ಕಡೆಯಲ್ಲೆಲ್ಲ ಶಾಲೆ ಬಿಟ್ಟ ಮೇಲೆ ಒಂದು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಹೆಂಗಸರ ಹಾಡು ಹಿಡಿದಿಡುತ್ತಿದ್ದರಂತೆ. ಸೋಬಾನೆ, ಬೀಸುವ ಪದ, ನಾಟಿ ಪದ, ತೊಟ್ಟಿಲ ಪದ, ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದು. ಹಾಡಿದವರಲ್ಲಿ ಬಹಳ ಜನ ಆಗಲೇ ತೀರಿಕೊಂಡಿದ್ದರು. ಕ್ಯಾಸೆಟ್ಟುಗಳನ್ನು ಎರಡು ದೊಡ್ಡ ಬಟ್ಟೆಯ ಚೀಲಗಳಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಒಂದನ್ನು ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು ಹಿಡಿದಿತ್ತು.

ಇವನ್ನು ಕಂಪ್ಯೂಟರಿಗೆ ಹಾಕಿ ಉಳಿಸಿಕೊಡಲು ಸಾಧ್ಯವೇ ಎಂದು ಕೇಳಿದರು. ಆಗುತ್ತದೆ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಅವರದೊಂದು ಷರತ್ತಿತ್ತು. ಹಿಂದೊಮ್ಮೆ ಕ್ಯಾಸೆಟ್ ವ್ಯಾಪಾರದವರು ಯಾರೋ, ಕೇಳಿ ವಾಪಸು ಕೊಡುತ್ತೇವೆಂದು ಒಂದಷ್ಟನ್ನು ಒಯ್ದು, ಹಾಡಿದವರ ಹೆಸರು ಕಿತ್ತುಹಾಕಿ, ಕೀಬೋರ್ಡು ತಬಲಾ ಸೇರಿಸಿ ಅಂಗಡಿಗಳಲ್ಲಿ ಮಾರಿದ್ದರಂತೆ. ಅದಾದ ಮೇಲೆ ಒಂದು ಹಳ್ಳಿಯ ಹೆಂಗಸರು ಟೀಚರನ್ನು ಮನೆಯೊಳಕ್ಕೇ ಸೇರಿಸಿರಲಿಲ್ಲ. "ಇವು ನಿಮ್ಮ ಕಾಲೇಜಿನಿಂದ ಆಚೆ ಹೋಗಕೂಡದು. ಸೀಡಿ ಮಾಡಿ ಒಬ್ಬರಿಗೂ ಕೊಡಕೂಡದು. ಹಾಡಿದವರ ಮನೆಗಳಿಗೆಲ್ಲ ನಾನು ಹೋಗಿ ಕೇಳಿಕೊಂಡು ಬರ್ತೀನಿ. ಅಲ್ಲಿವರೆಗೆ ಮಾತು ಕೊಡಿ," ಅಂದರು. ಮಾತು ಕೊಟ್ಟೆವು.

ಟೇಪುಗಳ ಸ್ಥಿತಿ ಹೇಗಿತ್ತೆಂದರೆ, ಹೆಚ್ಚುಕಡಿಮೆ ಎಲ್ಲ ಕ್ಯಾಸೆಟ್ಟುಗಳಲ್ಲೂ ಒಂದೇ ಒಂದು ಸಲ ಓಡುವಷ್ಟು ಜೀವ ಉಳಿದಿತ್ತು. ಓಡಿಸಿದಂತೆ ಕಂದು ಪುಡಿ ಉದುರುತ್ತಿತ್ತು. ಕೆಲವು ತುಂಡಾಗಿ ಪ್ಲೇಯರಿನ ಹಲ್ಲಿಗೆ ಸುತ್ತಿಕೊಂಡವು. ಹಾಗಾಗಿ ಕಂಪ್ಯೂಟರಿಗೆ ಬಂದದ್ದೇ ಇನ್ನು ಅಸಲು, ಬೇರೆ ಅಸಲು ಇರುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಮೊದಲ ವಾರದಲ್ಲೇ ಗೊತ್ತಾಯಿತು. ಧ್ವನಿಯನ್ನು ಒಂದಿಷ್ಟೂ ಕುಗ್ಗಿಸದೆ ಇದ್ದ ಹಾಗೇ ಇಡೋಣ ಎಂದು ತೀರ್ಮಾನಿಸಿದೆವು. ಹಾಗೆ ಇಟ್ಟರೆ ಬಹಳ ಜಾಗ ಬೇಕು. ನಮ್ಮ ಲ್ಯಾಬಿನ ಯಾವ ಕಂಪ್ಯೂಟರಿನಲ್ಲೂ ಅಷ್ಟು ಜಾಗ ಇರಲಿಲ್ಲ.

ಕ್ಲಸ್ಟರ್ ಕಟ್ಟೋಣ ಎಂದು ಹೇಳಿದವನು ಅವನೇ. ಹಲವು ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸಿ, ಎಲ್ಲದರ ಡಿಸ್ಕುಗಳೂ ಸೇರಿ ಒಂದೇ ದೊಡ್ಡ ಉಗ್ರಾಣ ಎಂಬಂತೆ ಬಳಸುವ ಸಾಫ್ಟ್‌ವೇರುಗಳು ಆಗ ಪುಕ್ಕಟೆಯಾಗಿ ಸಿಗುತ್ತಿದ್ದವು. ಅದರೊಳಗಿನ ಒಂದೊಂದು ಯಂತ್ರಕ್ಕೂ ನೋಡ್ ಎಂದು ಹೆಸರು. ನಮ್ಮಲ್ಲಿ ಎರಡು ಜಾತಿಯ ಯಂತ್ರಗಳಿದ್ದವು. ಹುಡುಗರು ಬಳಸಿ ಸವೆಸಿದ, ಬಿಡಿಭಾಗ ತಂದು ಊರಿನಲ್ಲೇ ಜೋಡಿಸಿದ್ದ ಹಳೆಯ ಕಂಪ್ಯೂಟರುಗಳು ಒಂದು ಸಾಲು. ಚಿಕ್ಕ ಡಿಸ್ಕು, ಕಡಿಮೆ ಮೆಮೊರಿ, ನಿಧಾನದ ನೆಟ್‌ವರ್ಕ್ ಕಾರ್ಡು. ತೆಂಗಿನ ನಾರಿನ ಧೂಳು ತುಂಬಿ ಫ್ಯಾನುಗಳು ಗೊರಗೊರ ಅನ್ನುತ್ತಿದ್ದವು. ಇನ್ನೊಂದು ಜಾತಿ, ಆಡಳಿತ ಮಂಡಳಿಯವರು ಆ ವರ್ಷವಷ್ಟೇ ಕೊಂಡುಕೊಟ್ಟಿದ್ದ ಎರಡು ಹೊಸ ಸರ್ವರುಗಳು. ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ, ಹಳೆಯ ಕಂಪ್ಯೂಟರುಗಳಲ್ಲಿ ಐದಾರು ಸೇರಿದರೂ ಒಂದರ ಜಾಗಕ್ಕೆ ಸಮ ಬರುತ್ತಿರಲಿಲ್ಲ.

ಬೇರೆಬೇರೆ ಜಾತಿಯ ಯಂತ್ರಗಳನ್ನು ಒಂದೇ ಕ್ಲಸ್ಟರಿನಲ್ಲಿ ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಎಲ್ಲಕ್ಕೂ ಸಮಪಾಲು ಹಂಚಿದರೆ ಚಿಕ್ಕವು ಮೊದಲೇ ತುಂಬಿ ಇಡೀ ವ್ಯವಸ್ಥೆ ನಿಂತುಬಿಡುತ್ತದೆ. ಗಾತ್ರಕ್ಕೆ ತಕ್ಕಂತೆ ಹಂಚಿದರೆ ಬಹುಪಾಲೆಲ್ಲ ದೊಡ್ಡ ಎರಡಕ್ಕೇ ಹೋಗುತ್ತದೆ. ಅಪಾಯವಾಗದಿರಲಿ ಎಂದು ಪ್ರತಿಯೊಂದು ಫೈಲನ್ನೂ ಎರಡು ಪ್ರತಿ ಇಡುವುದು ರೂಢಿ. ಆದರೆ ಗಾತ್ರವನ್ನೇ ನೋಡಿದರೆ ಆ ಎರಡೂ ಪ್ರತಿಗಳು ಹೊಸ ಸರ್ವರುಗಳಿಗೇ ಹೋಗಿ ಕೂರುತ್ತವೆ. ಅವು ಅಕ್ಕಪಕ್ಕ ನಿಂತಿದ್ದವು. ಒಂದೇ ಯುಪಿಎಸ್, ಒಂದೇ ಪ್ಲಗ್. ಒಂದಕ್ಕಾದದ್ದು ಇನ್ನೊಂದಕ್ಕೂ ಆಗುತ್ತದೆ. ಅದಕ್ಕೆ ನಾನು ಒಂದು ನಿಯಮ ಸೂಚಿಸಿದೆ. ಹಳೆಯವೆಲ್ಲ ಒಂದು ಗುಂಪು, ಹೊಸವು ಒಂದು ಗುಂಪು. ಯಾವ ಹಾಡೇ ಆಗಲಿ, ಹಳೆಯ ಗುಂಪಿನಲ್ಲಿ ಒಂದು ಪ್ರತಿ, ಹೊಸ ಗುಂಪಿನಲ್ಲಿ ಒಂದು ಪ್ರತಿ. ಹಳೆಯವುಗಳಿಗೆ ಇನ್ನೊಂದೊಂದು ಡಿಸ್ಕು ಹಾಕಿದರೆ ಜಾಗ ಸಾಕಾಗುತ್ತದೆ. ಒಂದೇ ತೊಂದರೆ ಎಂದರೆ ನಿಧಾನ. ಹಳೆಯದು ಬರೆದು ಮುಗಿಸುವ ತನಕ ಹೊಸದೂ ಕಾಯಬೇಕು. ಕಾಯಲಿ, ನಮಗೇನು ಅವಸರ ಎಂದೆ. ಅವನು ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಭಾನುವಾರ ನಮ್ಮ ಮನೆಯಲ್ಲಿ ನನ್ನ ಗಂಡನಿಗೆ ಇದನ್ನೇ ವಿವರಿಸಿ, ಅಕ್ಕನ ತಲೆ ನೋಡಿ ಎಂದು ಹೊಗಳಿದ. ಆ ಮಾತಿಗೆ ನಾನು ಹಿಗ್ಗಿದ್ದೆ.

ಒಂದು ವರ್ಷದ ಹತ್ತಿರ ಆ ಕೆಲಸ ನಡೆಯಿತು. ಪಾಠ ಮುಗಿದ ಮೇಲೆ ಸಂಜೆ ಒಂದೆರಡು ಕ್ಯಾಸೆಟ್ಟು. ಅವನು ಟೇಪು ಸ್ವಚ್ಛ ಮಾಡಿ ಓಡಿಸುತ್ತಿದ್ದ, ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಫೈಲಿಗೆ ಹೆಸರು ಕೊಡುತ್ತಿದ್ದೆ. ತಿಂಗಳಿಗೊಮ್ಮೆ ಟೀಚರ್ ಬಂದು, ಇದು ಇಂಥ ಊರಿನದು, ಇದು ಇಂಥವರ ಮನೆ ಮದುವೆಯದು ಎಂದು ಹೇಳಿ ಹೋಗುತ್ತಿದ್ದರು. ಬಂದಾಗಲೆಲ್ಲ ಹುರಿಗಡಲೆ ಬೆಲ್ಲ ಕುಟ್ಟಿ ಕಟ್ಟಿದ ಉಂಡೆ ತರುತ್ತಿದ್ದರು. ಅದರಲ್ಲಿ ಹೆಚ್ಚು ತಿಂದವನು ಅವನು.

ಹಳೇಬೀಡಿನ ಕಡೆಯ ಕ್ಯಾಸೆಟ್ಟುಗಳನ್ನು ಹಾಕುತ್ತಿದ್ದ ಒಂದು ಸಂಜೆ. ನಾನು ಪಕ್ಕದ ಮೇಜಿನಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಅವನು ಸ್ಪೀಕರಿನಲ್ಲಿ ಸಣ್ಣಗೆ ಹಾಡು ಹಾಕಿದ್ದ. ಯಾರದೋ ಮದುವೆಯ ಅರಿಶಿನದ ಪದ. ಐದಾರು ಹೆಂಗಸರು ಹಾಡುತ್ತಿದ್ದರು. ಮಧ್ಯೆ ಒಬ್ಬಳು ತಪ್ಪಿ, ಮುಂದಿನ ಸಾಲು ಮರೆತು, ನಕ್ಕುಬಿಟ್ಟಳು. ನನ್ನ ಕೈಯ ಪೆನ್ನು ನಿಂತಿತು. ಆ ನಗು ನನ್ನಮ್ಮನದು. ಟೇಪಿನಲ್ಲಿ ಟೀಚರ್ ಇನ್ನೊಂದು ಹೇಳಿ ಎಂದು ಕೇಳುತ್ತಿದ್ದರು. ಅಮ್ಮ ಅಂದಳು: "ಸಾಕು ಬುಡಿ ಟೀಚರಮ್ಮ. ಒಲೆ ಮ್ಯಾಲೆ ಹಾಲು ಮಡಗಿ ಬಂದಿವ್ನಿ."

ಅಮ್ಮ ಹೋದಾಗ ನಾನು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಜ್ವರ ಎಂದು ಸುದ್ದಿ ಬಂತು, ನಾನು ಹಳೇಬೀಡು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಮನೆಯಲ್ಲಿ ಅವಳದ್ದು ಒಂದೇ ಫೋಟೋ, ಅದೂ ಗುಂಪಿನಲ್ಲಿ ತೆಗೆದದ್ದು. ಹತ್ತು ವರ್ಷದ ಮೇಲೆ ಕೇಳಿದಾಗಲೇ ನನಗೆ ಅವಳ ದನಿ ಮರೆತುಹೋಗಿತ್ತು ಎನ್ನುವುದು ತಿಳಿದದ್ದು. ನಮ್ಮಮ್ಮ ಎಂದಷ್ಟೇ ಹೇಳಿ ಅತ್ತೆ. ಅವನು ಎದ್ದು ಬಾಗಿಲು ಮುಂದೆ ಮಾಡಿ, ಲೋಟದಲ್ಲಿ ನೀರು ತಂದುಕೊಟ್ಟು, ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ, ಒಂದು ಸೀಡಿ ಬರೆದುಕೊಡಲಾ ಎಂದ. ಬೇಡ, ಟೀಚರಿಗೆ ಮಾತು ಕೊಟ್ಟಿದೀವಿ ಎಂದೆ. ಅವರು ಬರುವ ತಿಂಗಳು ಬಂದಾಗ ಕೇಳಿ ಬರೆಸಿಕೊಂಡರಾಯಿತು ಎಂದುಕೊಂಡೆ. ಟೀಚರ್ ಬಂದರು, ಹೇಳಿದೆ. ಅವರಿಗೂ ಕಣ್ಣು ತುಂಬಿತು. ಆದರೆ ಹಳೇಬೀಡಿನ ಉಳಿದ ಹೆಂಗಸರ ಮನೆಯವರನ್ನು ಅವರು ಇನ್ನೂ ಕೇಳಿರಲಿಲ್ಲ. ಒಂದೇ ಟೇಪಿನಲ್ಲಿ ಆರು ಜನರ ದನಿ ಇತ್ತು. ಸ್ವಲ್ಪ ತಡಿ ಕಣಮ್ಮ ಎಂದರು. ತಡೆದೆ. ಎಲ್ಲಿ ಹೋಗುತ್ತದೆ, ಬೇಕೆಂದಾಗ ಲ್ಯಾಬಿಗೆ ಹೋಗಿ ಕೇಳಬಹುದಲ್ಲ.

ಮುಂದಿನ ವರ್ಷ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರಿಗೆ ನಮ್ಮ ಕ್ಲಸ್ಟರನ್ನು ತೋರಿಸಬೇಕೆಂಬ ಆಸೆ. ಸಮಿತಿಯವರ ಮುಂದೆ ಅವನು ಫೈಲು ಹಾಕಿ ತೆಗೆದು ತೋರಿಸಿದ. ನಾವು ದಿನಾ ನೋಡುತ್ತಿದ್ದ ವೇಗಕ್ಕಿಂತ ಎಷ್ಟೋ ಪಟ್ಟು ಚುರುಕಾಗಿ ನಡೆಯಿತು. ಬಂದವರು ಮೆಚ್ಚಿದರು, ಮಂಡಳಿಯ ಅಧ್ಯಕ್ಷರು ಅವನ ಬೆನ್ನು ತಟ್ಟಿದರು. ಎಲ್ಲರೂ ಹೋದ ಮೇಲೆ, ಅಷ್ಟು ಬೇಗ ಹೇಗೆ ಆಯಿತು ಎಂದು ಕೇಳಿದೆ. ಕೇಬಲ್ ಬದಲಾಯಿಸಿದೆ, ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಏನೋ ತಿದ್ದಿದೆ ಎಂದ. ನಮ್ಮ ನಿಯಮ ಹಾಗೇ ಇದೆಯಲ್ಲ ಎಂದೆ.

"ಅದನ್ನ ಮುಟ್ತೀನಾ ಅಕ್ಕ? ಹಳೇದರಲ್ಲೊಂದು, ಹೊಸದರಲ್ಲೊಂದು. ನೀವು ಹೇಳಿದ ಹಾಗೇ ಇದೆ," ಅಂದ.

ನನ್ನ ಕಣ್ಣನ್ನೇ ನೋಡಿ ಹೇಳಿದ. ಹಳೆಯ ಯಂತ್ರಗಳ ಹಸಿರು ದೀಪಗಳು ಮಿನುಗುತ್ತಲೇ ಇದ್ದವು. ನಾನು ನಂಬಿದೆ. ನಂಬದಿರಲು ಏನು ಕಾರಣವಿತ್ತು?

ಆ ದಸರೆಯ ರಜೆಯಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇತ್ತು. ಅಪ್ಪನನ್ನು ನೋಡಿಕೊಳ್ಳಲು ರಜೆ ಪೂರ್ತಿ ಹಳೇಬೀಡಿನಲ್ಲಿದ್ದೆ. ಅಪ್ಪನಿಗೆ ಕಣ್ಣಿಗೆ ಔಷಧಿ ಬಿಡುವಾಗ ಅಮ್ಮನ ಹಾಡು ಸಿಕ್ಕಿರುವುದನ್ನು ಹೇಳಿದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಅರಸೀಕೆರೆಗೆ ಕರಕೊಂಡು ಹೋಗು, ಕೇಳಬೇಕು ಎಂದರು. ಕಣ್ಣು ಬಿಚ್ಚುವುದಕ್ಕೂ ಕಿವಿಗೂ ಏನು ಸಂಬಂಧ ಎಂದು ಇಬ್ಬರೂ ನಕ್ಕೆವು.

ರಜೆ ಮುಗಿಸಿ ಕಾಲೇಜಿಗೆ ಹೋದ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದರೆ ಹೊಸ ಸರ್ವರುಗಳಿದ್ದ ಜಾಗ ಖಾಲಿ. ನೆಲದ ಮೇಲೆ ಎರಡು ಚೌಕಗಳು ಮಾತ್ರ ಧೂಳಿಲ್ಲದೆ ಸ್ವಚ್ಛವಾಗಿದ್ದವು. ಕಳ್ಳತನವೆಂದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ನಿಮಗೆ ಗೊತ್ತಿಲ್ಲವೇ ಎಂದರು. ನಮ್ಮ ಮಂಡಳಿಯವರೇ ತುಮಕೂರಿನ ಕಡೆ ಹೊಸ ಇಂಜಿನಿಯರಿಂಗ್ ಕಾಲೇಜು ತೆರೆಯುತ್ತಿದ್ದರು. ಅವನು ಅಲ್ಲಿಗೆ ವಿಭಾಗದ ಮುಖ್ಯಸ್ಥನಾಗಿ ಹೋಗಿದ್ದ. ಆ ಮಾತುಕತೆ ಬೇಸಿಗೆಯಿಂದಲೇ ನಡೆದಿತ್ತಂತೆ. ಸರ್ವರುಗಳನ್ನು ತನ್ನ ಜೊತೆ ಕೊಡಬೇಕೆಂದು ಅವನೇ ಕೇಳಿ, ರಜೆಯಲ್ಲಿ ವ್ಯಾನು ತರಿಸಿ ಒಯ್ದಿದ್ದ. ಹಾಡುಗಳ ವಿಷಯ ಪ್ರಿನ್ಸಿಪಾಲರು ಕೇಳಿದರಂತೆ. ಎಲ್ಲಾ ಹಳೆಯ ಮಿಷನ್ನುಗಳಿಗೆ ಹಾಕಿದ್ದಾಗಿದೆ, ಅಕ್ಕನಿಗೂ ಗೊತ್ತು ಎಂದನಂತೆ.

ಬೇಸಿಗೆಯಿಂದ ಎಂದರೆ ಅಷ್ಟೂ ಭಾನುವಾರ ನಮ್ಮ ಮನೆಯಲ್ಲಿ ಉಂಡಿದ್ದ.

ಲ್ಯಾಬಿಗೆ ವಾಪಸು ಬಂದು ಹಳೆಯ ಯಂತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಕ್ಲಸ್ಟರಿನಲ್ಲಿದ್ದವೆಲ್ಲ ಓಡುತ್ತಿದ್ದವು. ಎಲ್ಲದರಲ್ಲೂ ಜಾಗ ಖಾಲಿಯಿತ್ತು. ಒಂದು ಹಾಡೂ ಇರಲಿಲ್ಲ. ಎಲ್ಲೋ ನಾನೇ ತಪ್ಪು ನೋಡುತ್ತಿದ್ದೇನೆ ಎಂದು ಮತ್ತೆ ಮೊದಲಿನಿಂದ ನೋಡಿದೆ. ಅವನ ಮೊಬೈಲಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಗಂಡ ಸ್ಟೇಷನ್ನಿನಿಂದ ಮಾಡಿದರೂ ಎತ್ತಲಿಲ್ಲ. ಮಾರನೇ ದಿನ ರೈಲು ಹತ್ತಿ ಹೊರಟೆ. ಜೊತೆಗೆ ಬರುತ್ತೇನೆ ಎಂದ ಗಂಡನನ್ನು ಬೇಡ ಎಂದೆ. ಅವರೆದುರಿಗೆ ಅವನು ತಲೆ ತಗ್ಗಿಸುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಅವನು ತಲೆ ತಗ್ಗಿಸಿಯೇ ತಗ್ಗಿಸುತ್ತಾನೆ ಎಂದು ಆಗಲೂ ನಂಬಿದ್ದೆ.

ಹೊಸ ಕಾಲೇಜಿನಲ್ಲಿ ಅವನಿಗೆ ಗಾಜಿನ ಬಾಗಿಲಿನ ಕೋಣೆ. ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದ, ಕಾಫಿ ತರಲು ಹೇಳಿದ. ಹಾಡುಗಳೆಲ್ಲಿ ಎಂದೆ. ಅವನು ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಿದ್ದ. ಆಮೇಲೆ ತಾನಾಗಿಯೇ ಹೇಳಿದ. ಸಮಿತಿ ಬರುವುದಕ್ಕೆ ಮುಂಚೆಯೇ ನಿಯಮ ಬದಲಾಯಿಸಿದ್ದ. ಎರಡೂ ಪ್ರತಿ ಹೊಸ ಸರ್ವರುಗಳಲ್ಲೇ ಇರುವಂತೆ ಮಾಡಿದ್ದ. ಆಗ ಕ್ಲಸ್ಟರ್ ತಾನೇ ಹಳೆಯ ಯಂತ್ರಗಳಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸಿ, ಹಳೆಯದರಲ್ಲಿ ಅಳಿಸಿಬಿಟ್ಟಿತ್ತು. ಹಳೆಯವು ನೋಡುವವರಿಗಾಗಿ ಉರಿಯುತ್ತಿದ್ದವು, ಅಷ್ಟೆ.

"ಹೊಸದನ್ನ ಹಳೇದಕ್ಕೆ ಕಟ್ಟಿಹಾಕಿದ್ರೆ ಹೊಸದೂ ಹಳೇದರ ಹಾಗೇ ತೆವಳುತ್ತೆ ಅಕ್ಕ. ಅಷ್ಟು ಜನರ ಮುಂದೆ ಹಾಗೆ ತೋರಿಸೋಕಾಗ್ತಿತ್ತಾ?" ಅಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಿಡ್ತಿರಲಿಲ್ಲ."

ಒಯ್ಯುವ ಮುಂಚೆ ಹಳೆಯದಕ್ಕೆ ವಾಪಸು ತುಂಬಬೇಕೆಂದೇ ಇದ್ದನಂತೆ. ಹಳೆಯವು ನಿಧಾನ, ನಾಲ್ಕೈದು ದಿನ ಬೇಕಾಗುತ್ತಿತ್ತು, ವ್ಯಾನು ಬಂದುಬಿಟ್ಟಿತು. ಇಲ್ಲಿಗೆ ತಂದ ಮೇಲೆ ಸರ್ವರುಗಳಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಸಾಫ್ಟ್‌ವೇರನ್ನು ಹೊಸದಾಗಿ ಹಾಕಬೇಕಾಗಿತ್ತು, ಹಾಕಿದ. ಇದಿಷ್ಟನ್ನೂ ಅವನು ಕೆಲಸದ ವರದಿ ಒಪ್ಪಿಸುವ ಹಾಗೆ ಹೇಳಿದ.

ನಾನು ಕೂಗಾಡಲಿಲ್ಲ. ಡಿಸ್ಕು ಅಳಿಸಿದರೂ ಅದರ ಮೇಲೆ ಹೊಸದು ಬರೆಯದಿದ್ದರೆ ಅಡಿಯಲ್ಲಿ ಹಳೆಯದು ಉಳಿದಿರುತ್ತದೆ. ನನ್ನ ತಲೆಯಲ್ಲಿ ಅದೊಂದೇ ಇತ್ತು. ಈಗಲೇ ಎರಡನ್ನೂ ನಿಲ್ಲಿಸು, ಡಿಸ್ಕುಗಳನ್ನು ಬಿಚ್ಚಿಕೊಡು, ಬೆಂಗಳೂರಿನಲ್ಲಿ ಇದನ್ನು ತೆಗೆದುಕೊಡುವವರಿದ್ದಾರೆ, ಎಷ್ಟು ಸಿಕ್ಕಿದರೆ ಅಷ್ಟು ಎಂದೆ. ಬದಲು ಡಿಸ್ಕನ್ನು ನಾನೇ ಕೊಂಡು ತರುತ್ತೇನೆ ಎಂದೆ. ನನ್ನಮ್ಮಂದು ಅದರಲ್ಲಿದೆ, ನಿನಗೆ ಗೊತ್ತು ಎಂದೂ ಹೇಳಿದೆ.

ಅವನು ಗಾಜಿನ ಬಾಗಿಲಿನ ಕಡೆ ನೋಡಿದ. "ಮುಂದಿನ ವಾರ ಇಲ್ಲೂ ಇನ್‌ಸ್ಪೆಕ್ಷನ್ ಇದೆ ಅಕ್ಕ. ಹುಡುಗರ ಲಾಗಿನ್ನೆಲ್ಲ ಅದರ ಮೇಲೇ ಇದೆ. ಈಗ ನಿಲ್ಲಿಸೋಕಾಗಲ್ಲ. ಅದು ಮುಗೀಲಿ, ನೋಡೋಣ."

ಮುಗಿಯುವ ಹೊತ್ತಿಗೆ ಅದರ ಮೇಲೆ ಬರೆದು ಬರೆದು ಏನೂ ಉಳಿಯುವುದಿಲ್ಲ ಎನ್ನುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಾಫಿ ಬಂತು. ನಾನು ಕುಡಿಯಲಿಲ್ಲ. ಸ್ಟೇಷನ್ನಿಗೆ ನಡೆದುಕೊಂಡೇ ಬಂದೆ, ಬಿಸಿಲಿತ್ತೋ ಮೋಡವಿತ್ತೋ ನೆನಪಿಲ್ಲ. ನಿಯಮ ಬದಲಾಯಿಸಿದ್ದನ್ನು, ಸುಳ್ಳು ಹೇಳಿದ್ದನ್ನು ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಆ "ನೋಡೋಣ" ಎನ್ನುವ ಮಾತನ್ನು ಮಾತ್ರ ಇಂದಿಗೂ ಕ್ಷಮಿಸಲಾಗಿಲ್ಲ.

ಟೀಚರಿಗೆ ಹೇಳಬೇಕಿತ್ತು. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಬೇಲೂರಿಗೆ ಹೋದೆ. ದಾರಿಯಲ್ಲಿ ಹಳೇಬೀಡು ಬಂತು, ಅಪ್ಪನ ಮನೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದೆ. ಇಳಿಯಲಿಲ್ಲ. ಟೀಚರ್ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿಯೇ ಮೊರ ಪಕ್ಕಕ್ಕಿಟ್ಟರು. ಆದದ್ದನ್ನೆಲ್ಲ ಹೇಳಿದೆ.

"ನಿಮ್ಮಮ್ಮಂದೂ ಹೋಯ್ತಾ?" ಎಂದು ಕೊನೆಗೆ ಕೇಳಿದರು. ಹೂಂ ಎಂದೆ.

"ಬೂಷ್ಟು ಹಿಡಿದು ಹೋಗಿದ್ರೆ ಹಾಳಾಯ್ತು ಅಂತ ಸಮಾಧಾನ ಮಾಡ್ಕೋತಿದ್ದೆ. ಇದು ಹಾಳಾಗಿದ್ದಲ್ಲ ಕಣಮ್ಮ, ಅಳಿಸಿದ್ದು," ಅಂದರು. ಮತ್ತೆ, "ಆ ಕ್ಯಾಸೆಟ್ಟಿನವನು ಮಾರಿಕೊಂಡ. ಮಾರಿದ್ದಾದ್ರೂ ಎಲ್ಲೋ ಒಂದು ಕಡೆ ಇರುತ್ತೆ. ನೀವು ಓದಿದೋರು," ಎಂದು ಅಲ್ಲಿಗೇ ನಿಲ್ಲಿಸಿದರು.

ನೀವು ಎಂದರೆ ನಾವಿಬ್ಬರೂ. ಅವನ ಜೊತೆ ನನ್ನನ್ನೂ ಸೇರಿಸಿಬಿಟ್ಟಿದ್ದರು. ನನಗೂ ಮೋಸವಾಗಿದೆ ಟೀಚರ್ ಎಂದು ಹೇಳಬೇಕೆನ್ನಿಸಿತು. ಅವರ ಮುಂದೆ ಆ ಮಾತು ಬಹಳ ಸಣ್ಣದಾಗಿ ಕಂಡಿತು. ಎದ್ದು ಬಂದೆ. ಅವರು ಬಾಗಿಲತನಕ ಬರಲಿಲ್ಲ. ಆಮೇಲೆ ಎರಡು ಸಲ ಹೋದಾಗಲೂ ಬಾಗಿಲು ಹಾಕಿತ್ತು. ಒಂದು ಸಲ ಒಳಗೆ ರೇಡಿಯೋ ಕೇಳಿಸುತ್ತಿತ್ತು.

ಅಪ್ಪನಿಗೆ ನಿಜ ಹೇಳಲಾಗಲಿಲ್ಲ. ಮಿಷನ್ ಕೆಟ್ಟಿದೆ, ರಿಪೇರಿಯಾಗುತ್ತಿದೆ ಎಂದು ಹೇಳುತ್ತ ಹೋದೆ. ಅವರು ಕೆಲವು ತಿಂಗಳು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಅವರಿಗೆ ಗೊತ್ತಾಗಿತ್ತು ಎಂದೇ ನನ್ನ ಊಹೆ.

ಮನೆಯಲ್ಲಿ ನನ್ನ ಗಂಡ ಬಹಳ ದಿನ ಭಾನುವಾರದ ಊಟಕ್ಕೆ ಕೂರುವಾಗ ಮಾತಾಡುತ್ತಿರಲಿಲ್ಲ. ನನಗೆ ಅವನ ಮೇಲೆ ಕೋಪ ಬಂದಷ್ಟು ಸುಲಭವಾಗಿ ಅವರಿಗೆ ಬರಲಿಲ್ಲ. ಎಲ್ಲೋ ಏನೋ ಒತ್ತಡ ಇದ್ದಿರಬೇಕು ಎನ್ನುತ್ತಿದ್ದರು. ಆ ಮಾತಿಗೆ ನಾವಿಬ್ಬರೂ ಒಂದೆರಡು ಸಲ ಜಗಳವಾಡಿದ್ದೂ ಉಂಟು.

ಆ ಚಳಿಗಾಲದಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಪ್ರಿನ್ಸಿಪಾಲರು ಹೇಳಿದರು. ಗೋಡೆಯ ಮೂಲೆಯಲ್ಲಿ ಮೂರು ಯಂತ್ರಗಳು ಕೆಟ್ಟು ಕೂತಿದ್ದವು. ವೋಲ್ಟೇಜ್ ಏರಿಳಿತಕ್ಕೆ ಪವರ್ ಸಪ್ಲೈ ಸುಟ್ಟು, ರಿಪೇರಿ ಮಾಡಿಸೋಣ ಎಂದು ಕ್ಲಸ್ಟರಿನಿಂದ ಬಿಚ್ಚಿಟ್ಟವು. ಅವನ್ನು ಎತ್ತಿಸುವಾಗ ನನಗೆ ಥಟ್ಟನೆ ಹೊಳೆಯಿತು. ಇವು ಸುಟ್ಟಿದ್ದು ಸಮಿತಿಯ ಮಾತೇ ಇನ್ನೂ ಇಲ್ಲದಿದ್ದಾಗ. ಅವನು ನಿಯಮ ಬದಲಾಯಿಸಿದಾಗ ಇವು ಓಡುತ್ತಿರಲಿಲ್ಲ. ಓಡದ ಯಂತ್ರದಿಂದ ಕ್ಲಸ್ಟರ್ ಏನನ್ನೂ ಅಳಿಸಲಾರದು. ಮೂರರ ಡಿಸ್ಕನ್ನೂ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದೆ. ಒಂದು ಓದಲೇ ಇಲ್ಲ. ಉಳಿದೆರಡರಲ್ಲಿ ಹಾಡುಗಳಿದ್ದವು.

ಎಲ್ಲದರ ಐದನೇ ಒಂದು ಪಾಲೂ ಇರಲಿಕ್ಕಿಲ್ಲ. ಆದರೂ ಇದ್ದವು. ಗೆಂಡೆಹಳ್ಳಿಯ ಕಡೆಯವು ಹೆಚ್ಚು, ಕಣಕಟ್ಟೆಯವು ಕೆಲವು. ಒಂದೊಂದನ್ನೂ ತೆರೆಯುವಾಗ ಅಮ್ಮನ ಟೇಪಿನ ಹೆಸರು ಕಾಣುತ್ತದೇನೋ ಎಂದು ನೋಡಿದೆ. ಹಳೇಬೀಡಿನದು ಒಂದೇ ಒಂದು ಸಿಕ್ಕಿತು, ಅದು ಬೇರೆ ಮನೆಯದು. ಯಾರೋ ಅಜ್ಜಿ ಮೊಮ್ಮಗುವನ್ನು ತೂಗುವ ಪದ. ಅದನ್ನು ಪೂರ್ತಿ ಕೇಳಿದೆ.

ಟೀಚರ್ ಮನೆಯ ಬಾಗಿಲು ಈ ಸಲವೂ ಮುಚ್ಚಿತ್ತು. ಕಿಟಕಿಯ ಹತ್ತಿರ ನಿಂತು, ಒಂದಷ್ಟು ಸಿಕ್ಕಿದೆ ಟೀಚರ್ ಎಂದೆ. ಬಹಳ ಹೊತ್ತಾದ ಮೇಲೆ ಚಿಲಕ ತೆಗೆದ ಸದ್ದಾಯಿತು. ಕೂತು ಕೇಳಿದರು. ಕತ್ತಲಾಗುವವರೆಗೂ ಕೇಳಿದರು. ಅಮ್ಮನದು ಸಿಗಲಿಲ್ಲ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೊನೆಗೆ, "ಬಚ್ಚಿಟ್ಟು ಕೆಟ್ಟೆ ಕಣಮ್ಮ. ಇನ್ನು ಬಚ್ಚಿಡಲ್ಲ. ಯಾರ ಮನೇದು ಇದೆಯೋ ಅವರಿಗೆಲ್ಲ ಒಂದೊಂದು ಸೀಡಿ ಮಾಡಿಕೊಡು. ನಾನೇ ಬಂದು ಕೊಡ್ತೀನಿ," ಅಂದರು. ಅಂದಿನಿಂದ ನನ್ನೊಡನೆ ಮಾತು ಶುರುವಾಯಿತು. ಮೊದಲಿನ ಸಲುಗೆ ಮಾತ್ರ ಬರಲಿಲ್ಲ. ಉಂಡೆ ಕಟ್ಟಿಕೊಂಡು ಬರುವುದೂ ನಿಂತಿತು.

ಆ ಬೇಸಿಗೆಯಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಊರೂರು ತಿರುಗಿದೆವು. ಗೆಂಡೆಹಳ್ಳಿಯ ಹತ್ತಿರ ಒಂದು ಮನೆಯಲ್ಲಿ ಸೀಡಿ ಹಾಕಿದ ಕೂಡಲೇ ಮನೆಯ ಗಂಡಸರೂ ಹೆಂಗಸರೂ ಬಂದು ಟೀವಿಯ ಮುಂದೆ ನೆಲದ ಮೇಲೆ ಕೂತರು. ಅಜ್ಜಿಯ ದನಿ ಬಂದಾಗ ಯಾರೂ ಅಳಲಿಲ್ಲ, ಸೊಸೆಯೊಬ್ಬಳು ಮೆಲ್ಲಗೆ ದನಿಗೂಡಿಸಿದಳು. ಕಣಕಟ್ಟೆಯಲ್ಲಿ ಮಾತ್ರ ಒಬ್ಬ ಹೆಂಗಸು ಸುದ್ದಿ ತಿಳಿದು, ರಾಗಿ ಹಸನು ಮಾಡುತ್ತಿದ್ದವಳು ಹಾಗೇ ಎದ್ದು ಓಡಿಬಂದಳು. ಅವಳ ತಾಯಿ ಹಾಡಿದ್ದನ್ನು ಟೀಚರ್ ಮೂರು ಕ್ಯಾಸೆಟ್ ತುಂಬಿಸಿದ್ದರು. ಒಂದೂ ಉಳಿದಿರಲಿಲ್ಲ.

"ಎಲ್ಲಾರ್‌ದೂ ಐತೆ, ನಮ್ಮವ್ವಂದು ಯಾಕಿಲ್ಲ?" ಎಂದು ನನ್ನನ್ನು ಕೇಳಿದಳು.

ಎರಡು ಪ್ರತಿ, ಹಳೆಯ ಗುಂಪು, ಹೊಸ ಗುಂಪು, ಯಾವುದನ್ನು ಹೇಳಲಿ? ಕಳೆದುಹೋಯ್ತು ಕಣಮ್ಮ, ನಮ್ಮಮ್ಮಂದೂ ಹೋಯ್ತು ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಜಗಲಿಯ ಮೇಲೆ ನನಗೆ ಜಾಗ ಬಿಟ್ಟು ಕೂತಳು. ಬಸ್ಸು ಬರುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು.

ಎರಡು ವರ್ಷ ಕಳೆದ ಮೇಲೆ ಹಾಸನದಲ್ಲಿ ಕಾಲೇಜು ಅಧ್ಯಾಪಕರಿಗೆಂದು ಒಂದು ಕಾರ್ಯಾಗಾರ ನಡೆಯಿತು. ಮಾತಾಡಲು ಬರುವವರಲ್ಲಿ ಅವನೂ ಇದ್ದಾನೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಎದ್ದು ಹೊರಟುಬಿಡಬೇಕೆನ್ನಿಸಿದರೂ ಹಿಂದಿನ ಸಾಲಿನಲ್ಲಿ ಕೂತೆ. ಹಳೆಯ ಮತ್ತು ಹೊಸ ಯಂತ್ರಗಳನ್ನು ಒಂದೇ ಕ್ಲಸ್ಟರಿನಲ್ಲಿ ಬೆರೆಸುವುದು ಹೇಗೆ ಎನ್ನುವುದೇ ಅವನ ವಿಷಯ. ಚೆನ್ನಾಗಿಯೇ ಮಾತಾಡಿದ. ವೇಗಕ್ಕೆ ಆಸೆಪಟ್ಟು ಎರಡೂ ಪ್ರತಿಗಳನ್ನು ಒಂದೇ ಬಗೆಯ ಯಂತ್ರಗಳಲ್ಲಿ ಇಡಬೇಡಿ, ಇದನ್ನು ನಾನು ಅನುಭವದಿಂದ ಕಲಿತೆ ಎಂದ.

ಪ್ರಶ್ನೆ ಕೇಳುವ ಹೊತ್ತಿನಲ್ಲಿ ಎದ್ದು ನಿಂತೆ. ಆಗ ನನ್ನನ್ನು ಗುರುತಿಸಿದ, ಮುಖ ಒಮ್ಮೆ ಬಿಗಿದು ಸಡಿಲವಾಯಿತು. ಆ ಅನುಭವದಲ್ಲಿ ಏನು ಕಳೆದುಹೋಯಿತು ಎಂದು ಕೇಳಿದೆ.

"ಕೆಲವು ಆಡಿಯೋ ಫೈಲುಗಳು, ಮೇಡಂ," ಅಂದ.

ಅಕ್ಕ ಎನ್ನಲಿಲ್ಲ. ಮುಂದಿನ ಸಾಲಿನವರು ಯಾರೋ ಬೇರೆ ಪ್ರಶ್ನೆ ಕೇಳಿದರು, ಅವನು ಆ ಕಡೆ ತಿರುಗಿದ. ನಾನು ನಿಂತೇ ಇದ್ದೆ. ಪಕ್ಕ ಕೂತಿದ್ದವರು ಸೆರಗು ಹಿಡಿದು ಕೂರಿಸಿದರು, ಆರಾಮಾಗಿದೀರಾ ಎಂದು ಕೇಳಿದರು. ಆರಾಮಾಗಿದೀನಿ ಎಂದೆ. ಊಟಕ್ಕೆ ಬಿಟ್ಟಾಗ ಹೊರಗೆ ಬಂದು, ಮೂರು ಗಂಟೆಯ ಅರಸೀಕೆರೆ ಬಸ್ಸಿಗೆ ಕೂತು ಟಿಕೆಟ್ ತೆಗೆದುಕೊಂಡೆ.